ರೊಟ್ಟಿ ಬಡಿಯುತ್ತಲೇ ಕಲಿಯಬಹುದಾದ ಅಡುಗೆಮನೆಯ ಇಂಗ್ಲಿಷ್

ವಿಜಯಪುರದ ಯಾವ ಮನೆಯ ಅಡುಗೆಕೋಣೆಗೆ ಹೋದರೂ ಇಂಗ್ಲಿಷ್ ಅಲ್ಲಿ ಮೊದಲೇ ಬಂದು ಕುಳಿತಿರುತ್ತದೆ. ಗ್ಯಾಸು, ಕುಕ್ಕರು, ಮಿಕ್ಸರು, ಫ್ರಿಜ್ಜು, ಲೈಟರು, ಪ್ಲೇಟು, ಕಪ್ಪು, ಬಾಟಲಿ ಎಂದು ದಿನಕ್ಕೆ ಹತ್ತಾರು ಸಲ ಹೇಳುವ ಗೃಹಿಣಿಯೇ ತನಗೆ ಇಂಗ್ಲಿಷಿನ ಒಂದಕ್ಷರವೂ ಬಾರದೆಂದು ಹೇಳಿಕೊಳ್ಳುತ್ತಾಳೆ. ಆಕೆ ಹೇಳುವುದರಲ್ಲಿ ಒಂದು ಪಾಲು ನಿಜವಿದೆ. ಈ ಪದಗಳೆಲ್ಲ ವಸ್ತುಗಳ ಹೆಸರುಗಳು. ಆ ವಸ್ತುವಿನಿಂದ ಏನು ಮಾಡಬೇಕೆಂದು ಹೇಳುವ ಹೊತ್ತು ಬಂದಾಗ ಬಾಯಿ ಕಟ್ಟಿಹೋಗುತ್ತದೆ. ಹೊರರಾಜ್ಯದ ಸೊಸೆಗೆ ಎಣ್ಣೆಗಾಯಿ ಕಲಿಸುವಾಗ, ಬಾದಾಮಿಯಲ್ಲಿ ಇಳಿದುಕೊಂಡ ವಿದೇಶಿ ಅತಿಥಿಗೆ ಊಟ ಬಡಿಸುವಾಗ, ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವ ಹುಡುಗ ಮೌಖಿಕ ಪರೀಕ್ಷೆಗೆ ನಿಂತಾಗ ಎದುರಾಗುವ ತೊಡಕು ಇದೇ. ಆದ್ದರಿಂದ ಈ ಬರಹದಲ್ಲಿ ತರಕಾರಿಗಳ ಉದ್ದನೆಯ ಪಟ್ಟಿಯನ್ನು ಕೊಡುವುದಿಲ್ಲ. ಪಟ್ಟಿಯ ಪುಸ್ತಕಗಳು ಪೇಟೆಯಲ್ಲಿ ಬೇಕಾದಷ್ಟಿವೆ, ಅವುಗಳನ್ನು ಬಾಯಿಪಾಠ ಮಾಡಿದವರು ಎರಡೇ ವಾರದಲ್ಲಿ ಮರೆಯುವುದನ್ನೂ ನಾನು ನೋಡಿದ್ದೇನೆ. ಕೈ ದಿನವೂ ಮಾಡುವ ಕೆಲಸಕ್ಕೆ ಮೊದಲು ಹೆಸರು ಕಲಿಯಬೇಕು, ವಸ್ತುಗಳ ಹೆಸರು ಅದರ ಹಿಂದೆ ಬರಲಿ ಎಂಬುದು ನನ್ನ ಕ್ರಮ.

ಕಲಿಕೆಯನ್ನು ಆರಂಭಿಸುವ ಮೊದಲು, ಈಗಾಗಲೇ ಬಳಸುತ್ತಿರುವ ಪದಗಳಲ್ಲಿ ಕೆಲವನ್ನು ತಿದ್ದಿಕೊಳ್ಳುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ಅಡುಗೆ ಮಾಡುವ ವ್ಯಕ್ತಿ 'ಕುಕ್', ಬೇಯಿಸುವ ಪಾತ್ರೆ ಅಥವಾ ಒಲೆ 'ಕುಕರ್'. ಕೆಲಸ ಮಾಡುವವರಿಗೆಲ್ಲ 'ಟೀಚರ್', 'ಡ್ರೈವರ್' ಎಂಬಂತೆ ಕೊನೆಯಲ್ಲಿ 'ಅರ್' ಬರುವುದರಿಂದ ಅತ್ತೆಯನ್ನು ಒಳ್ಳೆಯ 'ಕುಕರ್' ಎಂದು ಪರಿಚಯಿಸುವವರು ಕಡಿಮೆಯಿಲ್ಲ. ನಾವು ಮಸಾಲೆ ಅರೆಯುವ ಮಿಕ್ಸರನ್ನು ಹೊರದೇಶದವರು 'ಗ್ರೈಂಡರ್' ಅಥವಾ 'ಬ್ಲೆಂಡರ್' ಎನ್ನುತ್ತಾರೆ. ಅವರ 'ಮಿಕ್ಸರ್' ಹಿಟ್ಟನ್ನೋ ಮೊಟ್ಟೆಯನ್ನೋ ಕಲಸುವ ಬೇರೆ ಯಂತ್ರ. ಬೇಳೆಗೆ 3 ಸೀಟಿ ಎಂಬ ನಮ್ಮ ಅಳತೆಯೂ ಅವರಿಗೆ ತಿಳಿಯುವುದಿಲ್ಲ, ನಿಮಿಷಗಳಲ್ಲಿಯೇ ಹೇಳಬೇಕು.

ಹಾಕುವುದು ಒಂದೇ, ಇಂಗ್ಲಿಷಿನಲ್ಲಿ ಆರು

ಕನ್ನಡದ ಅಡುಗೆಮನೆಯನ್ನು ಅರ್ಧಕ್ಕರ್ಧ ನಡೆಸುವ ಕ್ರಿಯಾಪದ 'ಹಾಕು'. ಉಪ್ಪು ಹಾಕುತ್ತೇವೆ, ನೀರು ಹಾಕುತ್ತೇವೆ, ಕುದಿಯುವ ಎಣ್ಣೆಗೆ ಮಿರ್ಚಿ ಹಾಕುತ್ತೇವೆ, ಪಲ್ಯದ ಮೇಲೆ ಕೊತ್ತಂಬರಿ ಹಾಕುತ್ತೇವೆ, ಮುಚ್ಚಳ ಹಾಕುತ್ತೇವೆ, ಕೊನೆಗೆ ಒಗ್ಗರಣೆಯನ್ನೂ ಹಾಕುತ್ತೇವೆ. ಇಂಗ್ಲಿಷ್ ಈ ಒಂದೊಂದು ಕೆಲಸಕ್ಕೂ ಬೇರೆ ಪದವನ್ನು ಇಟ್ಟುಕೊಂಡಿದೆ. ಉಪ್ಪಿಗೆ 'ಆಡ್', ನೀರಿನಂತಹ ದ್ರವಕ್ಕೆ 'ಪೋರ್', ಎಣ್ಣೆಗೆ ಬಿಡುವ ಮಿರ್ಚಿಗೆ 'ಡ್ರಾಪ್', ಉದುರಿಸುವ ಕೊತ್ತಂಬರಿಗೆ 'ಸ್ಪ್ರಿಂಕಲ್', ಮುಚ್ಚಳಕ್ಕೆ 'ಕವರ್', ಒಗ್ಗರಣೆಗೆ 'ಟೆಂಪರ್'. ಈ ಆರನ್ನು ಒಂದೇ ದಿನ ಕಲಿಯಬೇಕಾಗಿಲ್ಲ. ಮೊದಲ ವಾರ ಎಲ್ಲದಕ್ಕೂ 'ಆಡ್' ಎಂದರೂ ಕೇಳುವವರಿಗೆ ಅರ್ಥವಾಗುತ್ತದೆ. ಎರಡನೆಯ ವಾರದಿಂದ ದ್ರವಗಳಿಗೆ ಮಾತ್ರ 'ಪೋರ್' ಎಂದು ಬದಲಿಸಿಕೊಳ್ಳಿ, ಉಳಿದವು ಒಂದೊಂದಾಗಿ ಬರುತ್ತವೆ.

ಒಗ್ಗರಣೆಯ ಪದದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. 'ಟೆಂಪರ್' ಎಂದರೆ ಸಾಮಾನ್ಯ ಇಂಗ್ಲಿಷಿನಲ್ಲಿ ಸಿಟ್ಟು, ಸ್ವಭಾವ. ಪಾಶ್ಚಾತ್ಯ ಅಡುಗೆಯಲ್ಲಿ ಚಾಕೊಲೇಟನ್ನು ಹದವಾಗಿ ಕಾಯಿಸಿ ತಣಿಸುವುದಕ್ಕೂ ಇದೇ ಪದವಿದೆ. ಸಾಸಿವೆ, ಜೀರಿಗೆ ಸಿಡಿಸುವುದನ್ನು 'ಟೆಂಪರಿಂಗ್' ಎನ್ನುವುದು ಭಾರತೀಯ ಇಂಗ್ಲಿಷಿನ ರೂಢಿ. ನಮ್ಮಲ್ಲಿ ಕೆಲವರು ಒಗ್ಗರಣೆಗೆ 'ಸೀಸನಿಂಗ್' ಎಂದೂ ಹೇಳುತ್ತಾರೆ, ಆದರೆ ಹೊರಗಿನವರಿಗೆ ಅದು ಉಪ್ಪು, ಕಾಳುಮೆಣಸು ಸೇರಿಸಿ ರುಚಿ ಕೂಡಿಸುವುದು. ಹೊಸ ಕಬ್ಬಿಣದ ಹಂಚಿಗೆ ಎಣ್ಣೆ ಹಚ್ಚಿ, ಕಾಯಿಸಿ ಪಳಗಿಸುವುದಕ್ಕೂ 'ಸೀಸನ್' ಎಂದೇ ಹೆಸರು. ಹೀಗಾಗಿ ವಿದೇಶಿ ಅತಿಥಿಗೆ ಹೇಳುವಾಗ ಒಂದೇ ಪದವನ್ನು ನೆಚ್ಚದೆ, 'ಸ್ಪೈಸಸ್ ಇನ್ ಹಾಟ್ ಆಯಿಲ್', ಅಂದರೆ ಬಿಸಿ ಎಣ್ಣೆಯಲ್ಲಿ ಮಸಾಲೆ ಎಂದು ಬಿಡಿಸಿ ಹೇಳುವುದೇ ಕ್ಷೇಮ.

ಬೆಂಕಿಯ ಕೆಲಸಗಳಲ್ಲಿ ಕನ್ನಡವೂ ಇಂಗ್ಲಿಷೂ ಸಮಬಲದವು, ಆದರೆ ಗೆರೆಗಳನ್ನು ಬೇರೆ ಬೇರೆ ಕಡೆ ಎಳೆದುಕೊಂಡಿವೆ. ನಮಗೆ ಹುರಿಯುವುದು ಬೇರೆ, ಕರಿಯುವುದು ಬೇರೆ. ಅಮೀನಗಡದ ಮತ್ತು ಗೋಕಾಕದ ಕರದಂಟು ಆ ಹೆಸರನ್ನು ಪಡೆದಿರುವುದೇ ಕರಿದ ಅಂಟಿನಿಂದ. ಇಂಗ್ಲಿಷಿನ 'ಫ್ರೈ' ಈ ಎರಡರ ನಡುವೆ ತೂಗಾಡುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ 'ಡೀಪ್ ಫ್ರೈ', ಹಂಚಿನ ಮೇಲೆ ತುಸು ಎಣ್ಣೆ ಬಿಟ್ಟರೆ 'ಶ್ಯಾಲೋ ಫ್ರೈ', ಎಣ್ಣೆಯೇ ಇಲ್ಲದೆ ಶೇಂಗಾ ಅಥವಾ ಎಳ್ಳನ್ನು ಹುರಿದರೆ 'ಡ್ರೈ ರೋಸ್ಟ್'. ಅಮೆರಿಕದ ಪಾಕವಿಧಾನಗಳಲ್ಲಿ ಈ ಕೊನೆಯದಕ್ಕೆ 'ಟೋಸ್ಟ್' ಎಂದಿರುತ್ತದೆ, ಅದನ್ನು ಓದಿ ಬ್ರೆಡ್ಡನ್ನು ಹುಡುಕಬೇಕಾಗಿಲ್ಲ. ಬರಿ 'ರೋಸ್ಟ್' ಎಂದಾಗ ಪಾಶ್ಚಾತ್ಯರ ಕಣ್ಣಮುಂದೆ ಬರುವುದು ಓವನ್ನು. ಕರದಂಟಿನ ವಿಷಯ ಬಂದಿದ್ದರಿಂದ ಹೇಳುತ್ತೇನೆ: ಅದರ ಅಂಟನ್ನು 'ಗಮ್' ಎಂದಷ್ಟೇ ಹೇಳಿದರೆ ಕೇಳಿದವರು ಕಾಗದ ಅಂಟಿಸುವ ಗೋಂದನ್ನು ನೆನೆದು ಗಾಬರಿಯಾಗುತ್ತಾರೆ, 'ಎಡಿಬಲ್ ಗಮ್' ಎನ್ನಬೇಕು.

'ಸುಡು' ಎಂಬ ಪದ ಇನ್ನೂ ಮೋಸದ್ದು. ಬದನೆಕಾಯಿಯನ್ನು ಕೆಂಡದ ಮೇಲೆ ಸುಟ್ಟೆ ಎಂಬುದನ್ನು 'ಐ ಬರ್ನ್ಡ್ ದ ಬ್ರಿಂಜಾಲ್' ಎಂದು ಅನುವಾದಿಸಿದರೆ, ಅಡುಗೆ ಸೀದು ಹಾಳಾಯಿತೆಂದು ಎದುರಿನವರು ಮರುಗುತ್ತಾರೆ. ಬೇಕೆಂದೇ ಸುಟ್ಟದ್ದಕ್ಕೆ 'ರೋಸ್ಟೆಡ್ ಓವರ್ ದ ಫ್ಲೇಮ್' ಎನ್ನಬೇಕು. ಸೀದುಹೋದದ್ದಕ್ಕೆ ಮಾತ್ರ 'ಬರ್ನ್ಡ್'.

ನೀರಿನ ವಿಷಯದಲ್ಲಿ ನೆನಪಿಡಬೇಕಾದವು ಮೂರು. ಕೊತಕೊತ ಕುದಿಸುವುದು 'ಬಾಯ್ಲ್', ಕಡಬನ್ನು ಹಬೆಯಲ್ಲಿ ಬೇಯಿಸುವುದು 'ಸ್ಟೀಮ್', ಸಣ್ಣ ಉರಿಯಲ್ಲಿ ಅಂಚಿನಲ್ಲಷ್ಟೇ ಗುಳ್ಳೆ ಏಳುವಂತೆ ಇಡುವುದು 'ಸಿಮರ್'. ಗ್ಯಾಸನ್ನು 'ಸಿಮ್‌ನಲ್ಲಿ ಇಡು' ಎಂದು ನಾವು ದಿನವೂ ಹೇಳುವುದು ಈ 'ಸಿಮರ್' ಪದದ ತುಂಡನ್ನೇ. ಮೊಬೈಲಿನ ಸಿಮ್ಮಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಅರೆಯುವ ಕೆಲಸಗಳಲ್ಲಿ ನಮ್ಮ ಭಾಷೆಯೇ ಸಿರಿವಂತ. ಜೋಳ ಬೀಸುವುದು, ಮಸಾಲೆ ಅರೆಯುವುದು, ಅಕ್ಕಿ ರುಬ್ಬುವುದು ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಒಂದೇ 'ಗ್ರೈಂಡ್'. ಒರಳಿನಲ್ಲಿ ಖಾರ ಕುಟ್ಟುವುದು 'ಪೌಂಡ್', ಬೆಳ್ಳುಳ್ಳಿ ಜಜ್ಜುವುದು 'ಕ್ರಶ್'. ಹೆಚ್ಚುವ ಕೆಲಸಕ್ಕೆ ಬಂದರೆ ಇಂಗ್ಲಿಷಿನ ಕೈ ಮೇಲಾಗುತ್ತದೆ: ಹೇಗೆ ಬೇಕಾದರೂ ಹೆಚ್ಚಿದರೆ 'ಚಾಪ್', ಬಿಲ್ಲೆಬಿಲ್ಲೆಯಾಗಿ ಕೊಯ್ದರೆ 'ಸ್ಲೈಸ್', ಚೌಕ ಹೋಳುಗಳಾದರೆ 'ಡೈಸ್', ತೀರ ಸಣ್ಣಗಾದರೆ 'ಮಿನ್ಸ್', ತುರಿದರೆ 'ಗ್ರೇಟ್'. ಶಾಕಾಹಾರಿ ಮನೆಯವರು 'ಮಿನ್ಸ್' ಪದವನ್ನು ಜಾಗ್ರತೆಯಿಂದ ಓದಬೇಕು. 'ಮಿನ್ಸ್ಡ್ ಗಾರ್ಲಿಕ್' ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿಯೇ ಸರಿ, ಆದರೆ ಬ್ರಿಟಿಷರ ಪಾಕವಿಧಾನದಲ್ಲಿ ಬರಿ 'ಮಿನ್ಸ್' ಎಂದಿದ್ದರೆ ಅದು ಖೀಮಾ.

ರೊಟ್ಟಿಯೊಂದು ಪಾಠ

ಈ ಪದಗಳನ್ನು ಗಟ್ಟಿ ಮಾಡಿಕೊಳ್ಳಲು ನನಗೆ ಗೊತ್ತಿರುವ ಅತ್ಯುತ್ತಮ ಅಭ್ಯಾಸವೆಂದರೆ ರೊಟ್ಟಿ ಮಾಡುತ್ತ ಒಂದೊಂದು ಹಂತವನ್ನೂ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳುವುದು. ಕೈಗೆ ಕೆಲಸ ಗೊತ್ತಿರುವುದರಿಂದ ಬುದ್ಧಿ ಪದದ ಕಡೆಗೆ ಮಾತ್ರ ಗಮನ ಕೊಡಬಹುದು. ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು: ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನ ಪಾಕವಿಧಾನದಲ್ಲಿ ಮೊದಲ ಪದವೇ ಕ್ರಿಯಾಪದ. 'ಹಿಟ್ಟು ಸಾಣಿಸು' ಎಂಬುದು 'ಸಿಫ್ಟ್ ದ ಫ್ಲೌರ್' ಆಗುತ್ತದೆ. 'ಯು' ಎಂದಾಗಲಿ 'ಪ್ಲೀಸ್' ಎಂದಾಗಲಿ ಸೇರಿಸಬೇಕಾಗಿಲ್ಲ, ಪಾಕವಿಧಾನದಲ್ಲಿ ಅದು ಅವಿನಯವಾಗುವುದಿಲ್ಲ.

ಹಿಟ್ಟನ್ನು ಸಾಣಿಸಿ ಪರಾತಕ್ಕೆ ಹಾಕಿದ ಮೇಲೆ ನಡುವೆ ಗುಳಿ ಮಾಡಿ ಕುದಿಯುವ ನೀರು ಹೊಯ್ಯುತ್ತೇವೆ. ಇಂಗ್ಲಿಷಿನವರು ಆ ಗುಳಿಯನ್ನು 'ವೆಲ್', ಅಂದರೆ ಬಾವಿ ಎಂದು ಕರೆಯುತ್ತಾರೆ: 'ಮೇಕ್ ಎ ವೆಲ್ ಅಂಡ್ ಪೋರ್ ದ ಹಾಟ್ ವಾಟರ್ ಇನ್'. ಬಿಸಿಯಿರುವಾಗಲೇ ನಾದಬೇಕು: 'ನೀಡ್ ಇಟ್ ವೈಲ್ ವಾರ್ಮ್'. ಈ 'ನೀಡ್' ಬರೆಯುವಾಗ ಮೊದಲು 'ಕೆ' ಅಕ್ಷರ ಬರುತ್ತದೆ, ಉಚ್ಚಾರದಲ್ಲಿ ಬರುವುದಿಲ್ಲ. ಚಾಕುವಿನ 'ನೈಫ್' ಪದದಲ್ಲಿಯೂ ಹಾಗೆಯೇ. ನಾದಿದ ಹಿಟ್ಟಿನ ಹೆಸರು 'ಡೋ'. ಕನ್ನಡದಲ್ಲಿ ಒಣಗಿದ್ದೂ ಹಿಟ್ಟೇ, ನಾದಿದ್ದೂ ಹಿಟ್ಟೇ, ದೋಸೆಗೆ ತೆಳ್ಳಗೆ ಕಲಸಿದ್ದೂ ಹಿಟ್ಟೇ. ಇಂಗ್ಲಿಷಿನಲ್ಲಿ ಕ್ರಮವಾಗಿ 'ಫ್ಲೌರ್', 'ಡೋ', 'ಬ್ಯಾಟರ್'. 'ಫ್ಲೌರ್' ಪದದ ಉಚ್ಚಾರ ಹೂವಿನ ಇಂಗ್ಲಿಷ್ ಪದದಂತೆಯೇ ಇರುವುದರಿಂದ ಕಿವಿಗೆ ವ್ಯತ್ಯಾಸ ಸಿಕ್ಕದಿದ್ದರೆ ಅದು ನಿಮ್ಮ ತಪ್ಪಲ್ಲ.

ಮುಂದಿನದು ಬಡಿಯುವ ಹಂತ. ನಿಘಂಟು ನೋಡಿ 'ಬೀಟ್' ಎನ್ನಬೇಡಿ, ಅದು ಮೊಟ್ಟೆಯನ್ನೋ ಕೆನೆಯನ್ನೋ ರಭಸದಿಂದ ಕಲಕುವುದಕ್ಕೆ ಮೀಸಲು. ಅಂಗೈಯಿಂದ ತಟ್ಟಿ ಹರಡುವುದು 'ಪ್ಯಾಟ್', ಲತ್ತುಗುಣಿಯಿಂದ ಚಪಾತಿ ಲಟ್ಟಿಸುವುದು 'ರೋಲ್'. ಕೆಳಗೆ ಉದುರಿಸುವ ಒಣ ಹಿಟ್ಟಿಗೆ 'ಡಸ್ಟ್ ವಿತ್ ಫ್ಲೌರ್' ಎನ್ನುತ್ತಾರೆ. ಧೂಳು ಎಂಬ ಅರ್ಥದ ಪದ ಅಡುಗೆಗೆ ಹೇಗೆ ಬಂತೆಂದು ಅಚ್ಚರಿಪಡುವವರಿಗೆ, ಹಿಟ್ಟು ಧೂಳಿನಂತೆಯೇ ತೆಳುವಾಗಿ ಕೂರುತ್ತದೆ ಎಂದಷ್ಟೇ ಹೇಳಬಹುದು. ಹಂಚಿಗೆ 'ಗ್ರಿಡಲ್' ಎಂದರೆ ಹೊರದೇಶದವರಿಗೂ ತಿಳಿಯುತ್ತದೆ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಅರಿವೆಯಿಂದ ನೀರು ಸವರುವುದು 'ಬ್ರಶ್ ವಿತ್ ವಾಟರ್', ಮಗುಚುವುದು 'ಫ್ಲಿಪ್', ಉಬ್ಬುವುದು 'ಪಫ್ ಅಪ್'. ಕೊನೆಯ ವಾಕ್ಯ 'ಕುಕ್ ಅಂಟಿಲ್ ಇಟ್ ಪಫ್ಸ್ ಅಪ್' ಎಂದಾಗುತ್ತದೆ. ಇದರಲ್ಲಿರುವ 'ಅಂಟಿಲ್' ಪದವನ್ನು ಬಿಡದೆ ಹಿಡಿದುಕೊಳ್ಳಿ. ನಾವು ಹದ ಎನ್ನುವುದನ್ನು ಇಂಗ್ಲಿಷ್ ಪಾಕವಿಧಾನ ಈ 'ಅಂಟಿಲ್' ಮೂಲಕವೇ ಹೇಳುತ್ತದೆ: ಮೆತ್ತಗಾಗುವವರೆಗೆ 'ಅಂಟಿಲ್ ಸಾಫ್ಟ್', ಹೊಂಬಣ್ಣ ಬರುವವರೆಗೆ 'ಅಂಟಿಲ್ ಗೋಲ್ಡನ್ ಬ್ರೌನ್', ಎಣ್ಣೆ ಬಿಡುವವರೆಗೆ 'ಅಂಟಿಲ್ ದ ಆಯಿಲ್ ಸೆಪರೇಟ್ಸ್'.

ಹೀಗೆ ಹದಿನೈದು ದಿನ ರೊಟ್ಟಿಯ ಜೊತೆಗೆ ಹೇಳಿಕೊಂಡ ಮೇಲೆ ಎಣ್ಣೆಗಾಯಿಗೆ, ಅನಂತರ ಹೋಳಿಗೆಗೆ ಹೋಗಬಹುದು. ಡಬ್ಬಿಗಳ ಮೇಲೆ ಚೀಟಿ ಅಂಟಿಸುವುದೂ ಒಳ್ಳೆಯ ಉಪಾಯವೇ, ಆದರೆ ಚೀಟಿಯ ಮೇಲೆ ಪದವನ್ನಷ್ಟೇ ಬರೆಯದೆ ಆ ಪದಾರ್ಥದೊಂದಿಗೆ ಮಾಡುವ ಕೆಲಸವನ್ನೂ ಬರೆಯಿರಿ. ಬೇಳೆಯ ಡಬ್ಬಿಯ ಮೇಲೆ 'ರಿನ್ಸ್ ಅಂಡ್ ಸೋಕ್', ಅಂದರೆ ತೊಳೆದು ನೆನೆಹಾಕು ಎಂದಿದ್ದರೆ ಒಂದೇ ಚೀಟಿಯಲ್ಲಿ ಎರಡು ಕ್ರಿಯಾಪದಗಳು ಬರುತ್ತವೆ.

ಹೆಸರಿನಲ್ಲಿ ಅಡಗಿರುವ ಮೋಸಗಳು

ವಸ್ತುಗಳ ಹೆಸರುಗಳಲ್ಲಿ ನಮ್ಮ ಭಾಗದವರು ಮೊದಲು ಎಡವುವುದು ಜೋಳದಲ್ಲಿ. ನಮ್ಮ ಬಿಳಿಜೋಳ 'ಸೋರ್ಗಮ್'. 'ಕಾರ್ನ್' ಅಥವಾ 'ಮೇಯ್ಜ್' ಎಂದರೆ ಗೋವಿನಜೋಳ, ಅಂದರೆ ಮೆಕ್ಕೆಜೋಳ. ರಾಜ್ಯದ ದಕ್ಷಿಣ ಭಾಗದಲ್ಲಿ ಗೋವಿನಜೋಳಕ್ಕೇ ಜೋಳ ಎನ್ನುವ ರೂಢಿ ಇರುವುದರಿಂದ ಈ ಗೊಂದಲ ಬೆಳೆದಿದೆ. ರೊಟ್ಟಿಯನ್ನು 'ಕಾರ್ನ್ ಬ್ರೆಡ್' ಎಂದು ಅತಿಥಿಗೆ ಹೇಳಿದರೆ ಅವರು ಅಮೆರಿಕದ ಹಳದಿ ಬ್ರೆಡ್ಡನ್ನು ನಿರೀಕ್ಷಿಸುತ್ತಾರೆ. ಅಂಗಡಿಯಲ್ಲಿ ಸಿಗುವ 'ಕಾರ್ನ್ ಫ್ಲೌರ್' ಮತ್ತೊಂದು ವಸ್ತು, ಅದು ಗೋವಿನಜೋಳದ ಬಿಳಿ ಪಿಷ್ಟ; ಅಮೆರಿಕದವರು ಅದನ್ನೇ 'ಕಾರ್ನ್ ಸ್ಟಾರ್ಚ್' ಎನ್ನುತ್ತಾರೆ. ಗೋದಿಹಿಟ್ಟಿಗೆ ಜಿಗುಟು ಕೊಡುವ ಗ್ಲೂಟನ್ ಎಂಬ ಸತ್ವ ಜೋಳದಲ್ಲಿ ಇಲ್ಲ. ಅದಕ್ಕಾಗಿಯೇ ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಕೂಡಿಕೊಳ್ಳದೆ ರೊಟ್ಟಿ ಹರಿಯುತ್ತದೆ, ಕುದಿನೀರು ಬೇಕಾಗುತ್ತದೆ. ಗೋದಿ ಒಗ್ಗದ ಪ್ರವಾಸಿಗರು ಹುಡುಕುವುದೇ 'ಗ್ಲೂಟನ್ ಫ್ರೀ' ಎಂಬ ಮಾತನ್ನು. ಚಪಾತಿಯ ಪರಾತ, ಚಪಾತಿಯ ಒಣ ಹಿಟ್ಟು ಸೋಂಕದಂತೆ ಮಾಡಿದ ಜೋಳದ ರೊಟ್ಟಿಯ ಬಗ್ಗೆ ಆ ಮಾತನ್ನು ಧೈರ್ಯವಾಗಿ ಹೇಳಬಹುದು.

ಎರಡನೆಯದು ಲಿಂಬೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ, ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆಯನ್ನು ನಾವು ಸಲೀಸಾಗಿ 'ಲೆಮನ್' ಎನ್ನುತ್ತೇವೆ, ಆದರೆ ತೆಳು ಸಿಪ್ಪೆಯ ಈ ಚಿಕ್ಕ ಗುಂಡು ಹಣ್ಣು ನಿಜವಾಗಿ 'ಲೈಮ್'. ಯುರೋಪಿನ 'ಲೆಮನ್' ದೊಡ್ಡದು, ದಪ್ಪ ಸಿಪ್ಪೆಯದು. ಅವರ ಪಾಕವಿಧಾನದಲ್ಲಿ ಒಂದು 'ಲೆಮನ್' ರಸ ಎಂದಿದ್ದರೆ ಇಂಡಿಯ ಹಣ್ಣು ಒಂದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಮೂರನೆಯದರಲ್ಲಿ ನಾನೇ ಮೋಸಹೋಗಿದ್ದೇನೆ. 'ಕ್ಲೋವ್' ಎಂದರೆ ಲವಂಗ ಎಂದು ಶಾಲೆಯಲ್ಲಿ ಕಲಿತಿದ್ದೆ. ಒಂದು ಇಂಗ್ಲಿಷ್ ಪಾಕವಿಧಾನದಲ್ಲಿ '8 ಕ್ಲೋವ್ಸ್ ಗಾರ್ಲಿಕ್' ಎಂದಿದ್ದುದನ್ನು ಅವಸರದಲ್ಲಿ ಓದಿ ಬೆಳ್ಳುಳ್ಳಿಯ ಜೊತೆಗೆ ಎಂಟು ಲವಂಗ ಹಾಕಿದೆ, ಆ ಸಾರು ಹಲ್ಲುನೋವಿನ ಔಷಧಿಯಂತೆ ನಾತ ಹೊಡೆಯಿತು. ಬೆಳ್ಳುಳ್ಳಿಯ ಎಸಳಿಗೂ 'ಕ್ಲೋವ್' ಎಂದೇ ಹೆಸರು, ಇಡೀ ಗಡ್ಡೆಗೆ 'ಬಲ್ಬ್' ಅಥವಾ 'ಹೆಡ್'. ಹಾಗೆಯೇ ಕರಿಬೇವಿನ ಒಂದು ಕಡ್ಡಿ 'ಸ್ಪ್ರಿಗ್', ಚಿಟಿಕೆ ಉಪ್ಪು 'ಪಿಂಚ್', ಒಂದು ಹಿಡಿ ಶೇಂಗಾ 'ಹ್ಯಾಂಡ್‌ಫುಲ್'.

ಭಾರತೀಯ, ಬ್ರಿಟಿಷ್, ಅಮೆರಿಕನ್ ಇಂಗ್ಲಿಷ್‌ಗಳಲ್ಲಿ ಒಂದೇ ತರಕಾರಿಗೆ ಮೂರು ಹೆಸರುಗಳಿರುವುದೂ ಉಂಟು. ನಮ್ಮ 'ಬ್ರಿಂಜಾಲ್' ಬ್ರಿಟಿಷರಿಗೆ 'ಓಬರ್ಜೀನ್', ಅಮೆರಿಕದವರಿಗೆ 'ಎಗ್‌ಪ್ಲಾಂಟ್'. ಈ ಕೊನೆಯದರಲ್ಲಿ ಮೊಟ್ಟೆ ಇಲ್ಲವೆಂದು ಹಿರಿಯರಿಗೆ ಸಮಾಧಾನ ಹೇಳಬೇಕಾಗಿ ಬರುತ್ತದೆ. ಕೊತ್ತಂಬರಿ ಸೊಪ್ಪಿಗೆ ಅಮೆರಿಕದವರು 'ಸಿಲಾಂಟ್ರೋ' ಎನ್ನುತ್ತಾರೆ, ಬೀಜಕ್ಕೆ ಮಾತ್ರ 'ಕೋರಿಯಾಂಡರ್'. ಬೆಂಡೆಕಾಯಿಗೆ 'ಓಕ್ರಾ', ಡೊಣ್ಣ ಮೆಣಸಿನಕಾಯಿಗೆ 'ಬೆಲ್ ಪೆಪರ್' ಎಂದರೆ ಅವರಿಗೆ ತಿಳಿಯುತ್ತದೆ. ಮೊಸರಿಗೆ ನಾವು 'ಕರ್ಡ್' ಎಂದರೆ ಅವರು ಒಡೆದ ಹಾಲಿನ ಗಡ್ಡೆಯನ್ನು ನೆನೆಯುತ್ತಾರೆ, 'ಯೋಗರ್ಟ್' ಎನ್ನಬೇಕು. ಉಳಿದ ಕಾಳುಕಡಿಗಳಲ್ಲಿ ಸಜ್ಜೆ 'ಪರ್ಲ್ ಮಿಲೆಟ್', ನವಣೆ 'ಫಾಕ್ಸ್‌ಟೇಲ್ ಮಿಲೆಟ್', ತೊಗರಿ 'ಪಿಜನ್ ಪೀ', ಹುರುಳಿ 'ಹಾರ್ಸ್ ಗ್ರಾಮ್', ಮಡಕಿ 'ಮೋತ್ ಬೀನ್', ಅಗಸಿ 'ಫ್ಲ್ಯಾಕ್ಸ್‌ಸೀಡ್', ಗುರೆಳ್ಳು 'ನೈಜರ್ ಸೀಡ್', ಕುಸುಬೆ 'ಸ್ಯಾಫ್ಲವರ್'. ಬೆಲ್ಲದ 'ಜಾಗರಿ' ಮಾತ್ರ ಹೊರಗಿನದಲ್ಲ. ನಮ್ಮ ದೇಶದ ಶರ್ಕರಾ ಪದವೇ ಪೋರ್ಚುಗೀಸರ ಬಾಯಿಯ ಮೂಲಕ ಇಂಗ್ಲಿಷಿಗೆ ಹೋಗಿ 'ಜಾಗರಿ' ಆಗಿದೆ, ಅರಬರ ಮೂಲಕ ಹೋದದ್ದು 'ಶುಗರ್' ಆಗಿದೆ.

ಅಳತೆಯ ವಿಷಯ ಚಿಕ್ಕದು, ಆದರೆ ತಪ್ಪಿದರೆ ಅಡುಗೆ ಕೆಡುತ್ತದೆ. ಪಾಕವಿಧಾನಗಳಲ್ಲಿ ಚಹಾ ಚಮಚಕ್ಕೆ ಟಿ, ಎಸ್, ಪಿ ಎಂಬ ಮೂರು ಅಕ್ಷರಗಳನ್ನು, ಊಟದ ದೊಡ್ಡ ಚಮಚಕ್ಕೆ ಟಿ, ಬಿ, ಎಸ್, ಪಿ ಎಂಬ ನಾಲ್ಕು ಅಕ್ಷರಗಳನ್ನು ಬರೆಯುತ್ತಾರೆ. ಮೊದಲನೆಯದು 5 ಮಿಲಿಲೀಟರ್, ಎರಡನೆಯದು 15. ನಡುವಿನ 'ಬಿ' ಕಾಣದೆ ಹೋದರೆ ಉಪ್ಪು ಮೂರರಲ್ಲಿ ಒಂದು ಪಾಲಾಗುತ್ತದೆ, ಇಲ್ಲದ 'ಬಿ' ಕಂಡರೆ ಮೂರು ಪಟ್ಟಾಗುತ್ತದೆ. ಅಮೆರಿಕದ 'ಕಪ್' ಸುಮಾರು 240 ಮಿಲಿಲೀಟರ್, ನಮ್ಮ ಚಹಾದ ಕಪ್ಪಿಗಿಂತ ಬಹಳ ದೊಡ್ಡದು. 'ಪೌಂಡ್' ಸುಮಾರು 454 ಗ್ರಾಂ, 'ಔನ್ಸ್' ಸುಮಾರು 28 ಗ್ರಾಂ.

ಪೊಟ್ಟಣಗಳ ಮೇಲಿನ ಬರಹ ದಿನವೂ ಪುಕ್ಕಟೆಯಾಗಿ ಸಿಗುವ ಪಾಠಪುಸ್ತಕ. ನಮ್ಮ ದೇಶದ ನಿಯಮದಂತೆ ಅದು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು, ಕನ್ನಡ ಇದ್ದರೆ ಅದು ಹೆಚ್ಚುವರಿ. 'ಇಂಗ್ರೀಡಿಯೆಂಟ್ಸ್' ಎಂಬಲ್ಲಿ ಪದಾರ್ಥಗಳನ್ನು ಹೆಚ್ಚಿನ ಪ್ರಮಾಣದಿಂದ ಕಡಿಮೆಯ ಕಡೆಗೆ ಬರೆದಿರುತ್ತಾರೆ; ಗೋದಿ ಬಿಸ್ಕತ್ತಿನಲ್ಲಿ ಮೊದಲ ಹೆಸರು ಮೈದಾ ಆಗಿದ್ದರೆ ಒಳಗೆ ಏನು ಹೆಚ್ಚಿದೆಯೆಂದು ತಿಳಿದುಹೋಗುತ್ತದೆ. 'ಬೆಸ್ಟ್ ಬಿಫೋರ್' ದಿನಾಂಕ ರುಚಿ ಮತ್ತು ಗುಣಮಟ್ಟಕ್ಕೆ ಸಂಬಂಧಿಸಿದ್ದು, 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ದಾಟಿದ್ದನ್ನು ಮಾತ್ರ ಉಣ್ಣಲೇಬಾರದು.

ಅತಿಥಿಗಳೊಂದಿಗೆ ಮಾತಾಡುವವರು ರುಚಿಯ ಪದಗಳನ್ನೂ ಕಲಿಯಬೇಕು. ಖಾರಕ್ಕೆ 'ಹಾಟ್' ಎಂದರೆ ಬಿಸಿ ಎಂದೂ ಅರ್ಥವಾಗುವುದರಿಂದ 'ಸ್ಪೈಸಿ' ಮೇಲು. ಸಪ್ಪೆಗೆ 'ಬ್ಲ್ಯಾಂಡ್', ಹುಳಿಗೆ 'ಸೌರ್', ಕಹಿಗೆ 'ಬಿಟರ್'. ಪುಂಡಿಪಲ್ಯಕ್ಕೆ ಇಂಗ್ಲಿಷ್ ಹೆಸರನ್ನು ಹುಡುಕುತ್ತ ಕೂರುವುದಕ್ಕಿಂತ 'ಸೌರ್ ಗ್ರೀನ್ಸ್', ಹುಳಿ ಸೊಪ್ಪು ಎಂದು ಹೇಳಿ ತಟ್ಟೆಗೆ ಬಡಿಸುವುದೇ ಜಾಣತನ.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಕಡೆ ಊಟದ ವ್ಯವಸ್ಥೆ ಮಾಡುವವರಿಗೆ ಎಲ್ಲಕ್ಕಿಂತ ಮುಖ್ಯವಾದ ವಾಕ್ಯ 'ಇಟ್ ಹ್ಯಾಸ್ ಪೀನಟ್ಸ್', ಇದರಲ್ಲಿ ಶೇಂಗಾ ಇದೆ ಎಂಬುದು. ಕೆಲವರಿಗೆ ಶೇಂಗಾ ತಿಂದರೆ ಉಸಿರು ಕಟ್ಟುವಷ್ಟು ಅಲರ್ಜಿಯಾಗುತ್ತದೆ. ಅಂಥವರು 'ಎನಿ ನಟ್ಸ್?' ಎಂದು ಕೇಳಿದಾಗ ಗೋಡಂಬಿ, ಬಾದಾಮಿಯನ್ನಷ್ಟೇ ನೆನೆದು 'ನೋ' ಎಂದುಬಿಡುವುದು ಸಹಜ, ಏಕೆಂದರೆ ನಮಗೆ ಶೇಂಗಾ ಹಿತ್ತಲ ಬೆಳೆ. ಭಾರತೀಯ ಇಂಗ್ಲಿಷಿನ 'ಗ್ರೌಂಡ್‌ನಟ್' ಪದ ಅವರಿಗೆ ಥಟ್ಟನೆ ಹೊಳೆಯದೆ ಇರಬಹುದು, 'ಪೀನಟ್' ಎಂದೇ ಹೇಳಿ. ಎಣ್ಣೆಗಾಯಿಯ ಹೂರಣದಲ್ಲಿ, ಚಟ್ನಿಪುಡಿಯಲ್ಲಿ, ಶೇಂಗಾ ಹೋಳಿಗೆಯಲ್ಲಿ ಅದು ಇರುವುದು ನಮಗೆ ಕಣ್ಣಿಗೆ ಕಾಣುತ್ತದೆ. ಕಾಣದೆ ಇರುವುದು ಒಗ್ಗರಣೆಯ ಎಣ್ಣೆಯಲ್ಲಿ. ಡಬ್ಬಿಯ ಮೇಲೆ 'ಗ್ರೌಂಡ್‌ನಟ್ ಆಯಿಲ್' ಎಂದಿದೆಯೇ, 'ಸ್ಯಾಫ್ಲವರ್' ಅಥವಾ 'ಸನ್‌ಫ್ಲವರ್' ಎಂದಿದೆಯೇ ಎಂದು ಓದಿ ನೋಡಿದ ಮೇಲೆಯೇ ಉತ್ತರ ಕೊಡಿ.